ಹಬ್ಬದ ದಿನ ತೊಳೆದ ಹಿಟಾಚಿ

ರಾಗಿ ತೆನೆ ಕಟ್ಟುವ ಕಾಲ. ಆಯುಧಪೂಜೆಯ ಬೆಳಿಗ್ಗೆ, ಹೊತ್ತು ಹುಟ್ಟಿ ಮಾರುದ್ದ ಏರಿತ್ತು. ಕುರಿಗಳಿಗೆ ಸೊಪ್ಪು ಕಟ್ಟಿ ಮನೆಗೆ ಬಂದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಮ್ಮ ಈರೇಶನ ಹಿಟಾಚಿ ಕೂತಿತ್ತು. ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅರಿಶಿನ ಬಳಿದ ಹಾಗೆ ಹೊಳೆಯುತ್ತಿತ್ತು. ಹತ್ತಿರಕ್ಕೆ ಓಡಿದೆ.

ಮಣ್ಣು ತೋಡುವ ದೊಡ್ಡ ಯಂತ್ರಕ್ಕೆ ನಮ್ಮ ಕಡೆ ಎಲ್ಲರೂ ಹಿಟಾಚಿ ಅನ್ನುತ್ತಾರೆ. ಇದು ಅದರ ಪುಟ್ಟ ಮಾದರಿ, ಒಂದು ಮೊಳ ಉದ್ದ. ಈರೇಶ ನನ್ನ ಮಗ. ಜಲ್ಲಿ ಕ್ರಷರಿನಲ್ಲಿ ನಿಜವಾದ ಹಿಟಾಚಿ ಓಡಿಸುತ್ತಿದ್ದವನು. ಅದರ ಅದುರಾಟಕ್ಕೆ ಬೆನ್ನುಮೂಳೆ ಸವೆದು, ಮತ್ತೆ ಆ ಸೀಟಿನ ಮೇಲೆ ಕೂತರೆ ಕಾಲಿನ ಸ್ವಾಧೀನವೇ ಹೋದೀತು ಎಂದು ಡಾಕ್ಟರು ಹೇಳಿದ್ದರು. ಮಲಗಿದಲ್ಲೇ ಪ್ಲಾಸ್ಟಿಕ್ ಪೈಪು ಕಾಯಿಸಿ ಚಪ್ಪಟೆ ಮಾಡಿ, ತಗಡು ಕತ್ತರಿಸಿ, ಬೈಕಿನ ಹಳೇ ಚೈನನ್ನು ಪಟ್ಟಿ ಮಾಡಿ ಇದನ್ನು ಕಟ್ಟಿದ್ದ.

ಮಾಡಿಸಿದವರು ತಿಪಟೂರಿನ ಕಂಟ್ರಾಕ್ಟರ್ ಶಂಭುಲಿಂಗಯ್ಯನವರ ಮಗಳು ಸೌಂದರ್ಯ. ಅವರಪ್ಪ ಕೊಂಡ ಮೊದಲನೇ ಹಿಟಾಚಿ ಬೋರನಕಣಿವೆ ಡ್ಯಾಮಿನಲ್ಲಿ ಹೂಳು ಎತ್ತುವಾಗ ತೆಗೆದ ಒಂದು ಫೋಟೊ ಕೊಟ್ಟು, ಇದೇ ಥರ ಕೊಳೆಯಾಗಿ ಇರಬೇಕು, ಹೊಸ ಆಫೀಸಿನಲ್ಲಿ ಇಡಬೇಕು, ಹಬ್ಬದ ಸಂಜೆ ಬಂದು ಒಯ್ಯುತ್ತೇವೆ ಅಂದಿದ್ದರು. ಹಿಡಿಸಿದರೆ ಅವರ ಉಳಿದ ಗಾಡಿಗಳನ್ನೂ ಇವನೇ ಮಾಡುವುದು. ಹಿಡಿಸದಿದ್ದರೆ ಇವನಿಗೆ ಕ್ರಷರೇ ಗತಿ. ಅಲ್ಲಿನ ಸೂಪರ್‌ವೈಸರ್ ತಿಮ್ಮರಾಜು, ‘ಹಬ್ಬದ ಸಂಜೆ ಜೀಪು ತರ್ತೀನಿ, ಬರೋದಾದ್ರೆ ಹತ್ತು, ಇಲ್ದಿದ್ರೆ ಬೇರೆಯೋನ್ನ ಹತ್ತಿಸ್ಕತ್ತೀನಿ’ ಎಂದು ಹೇಳಿ ಹೋಗಿದ್ದ.

ಗಾಡಿ ಕಟ್ಟುವುದಕ್ಕಿಂತ ಅದಕ್ಕೆ ಕೊಳೆ ಹಿಡಿಸುವುದಕ್ಕೇ ಹೆಚ್ಚು ದಿನ ಹಿಡಿದಿತ್ತು. ಬಣ್ಣದ ಕೆಳಗೆ ಕಲ್ಲುಪ್ಪು ಉದುರಿಸಿ, ಒಣಗಿದ ಮೇಲೆ ಅದನ್ನು ಉಜ್ಜಿ ಕೆಡವಿ, ಬಣ್ಣ ಸುಲಿದ ಹಾಗೆ ಮಾಡಿದ್ದ. ಹುಣಸೆಹುಳಿ ನೀರಿನಲ್ಲಿ ಮೊಳೆ ನೆನೆಹಾಕಿ ತುಕ್ಕಿನ ಬಣ್ಣ ಮಾಡಿಕೊಂಡಿದ್ದ. ಹೊಗೆಕೊಳವೆಗೆ ಕೊಬ್ಬರಿ ಅಟ್ಟದ ಇಲ್ಲಣದ ಮಸಿ. ಮೈಗೆಲ್ಲ ಬೋರನಕಣಿವೆಯ ಹೂಳಿನ ಗೋಡುಮಣ್ಣು, ಸೊಸೆ ಭಾಗ್ಯಳ ಹಳೇ ಸೀರೆಯಲ್ಲಿ ಸೋಸಿ, ಜಾಲಿ ಅಂಟಿನಲ್ಲಿ ಕಲಸಿ ಹಚ್ಚಿದ್ದು. ಮೇಲೆ ವಾರ್ನಿಷ್ ಹೊಡೆಯುವುದೊಂದು ಇವತ್ತಿಗೆ ಉಳಿದಿತ್ತು. ಜಾಲಿ ಅಂಟು ನೀರು ಕಂಡರೆ ಕರಗುತ್ತದೆ.

ನನ್ನ ಹೆಂಡತಿ ಜುಂಜಮ್ಮ ಖುಷಿಯಲ್ಲಿದ್ದಳು. ಕೊಳೆ ಬೇಕೆಂದೇ ಹಚ್ಚಿದ್ದು ಎಂದು ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ ಎಳೆದು, ನಡುವೆ ಕುಂಕುಮ ಒತ್ತಿದ್ದಳು.

“ಬೈಕು ತೊಳ್ದೆ, ಮಚ್ಚು ತೊಳ್ದೆ, ಕೊಡ್ಲಿ ತೊಳ್ದೆ. ಇದೊಂದು ಕೊಳಕು ಮುಂಡೇದು ಮೂಲೇಲಿ ಕೂತಿತ್ತು. ಹಬ್ಬದ ದಿನ ಹಂಗೇ ಬುಡಕ್ಕಾಯ್ತದ?” ಅಂದಳು.

ಸೊಂಟ ಹಿಡಿದುಕೊಂಡು ಈರೇಶ ಹೊರಗೆ ಬಂದ. ನೋಡಿದ.

“ಯಾರವ್ವಾ ತೊಳ್ದದ್ದು?”

“ನಾನೇ ಕಣ್ಲಾ. ಹಲ್ಲುಜ್ಜೋ ಬ್ರಷ್ಷಲ್ಲಿ ತಿಕ್ಕಿದ್ರೂ ಸಂದೀದು ಬರ್ಲಿಲ್ಲ ನೋಡು.”

“ಆ ಕೊಳೇನೇ ಕಣವ್ವಾ ಅವರು ಕೇಳಿದ್ದು.”

ಅವಳು ತಮಾಷೆ ಅಂದುಕೊಂಡು ನಕ್ಕಳು. ಭಾಗ್ಯಳ ಮುಖ ನೋಡಿದ ಮೇಲೆ ನಗು ನಿಂತಿತು.

“ಒಂದು ಮಾತು ಕೇಳ್ಬಾರ್ದಿತ್ತಾ ಅತ್ತೆ?”

“ಆಯುಧಪೂಜೆಗೆ ಗಾಡಿ ತೊಳೆಯಕ್ಕೆ ಯಾರ ಅಪ್ಪಣೆ ಕೇಳ್ತಾರೇ?” ಎಂದಳು ಜುಂಜಮ್ಮ. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಗಂಡ ಹೆಂಡತಿ ಮತ್ತೆ ಗೋಡು ಕಲಸಿದರು. ಮೋಡ ಮುಚ್ಚಿತ್ತು, ಅಂಟು ಒಣಗಲೊಲ್ಲದು. ಭಾಗ್ಯ ಮೊರದಲ್ಲಿ ಗಾಳಿ ಬೀಸಿದಳು. ಹಚ್ಚಿದ ಮಣ್ಣು ಹಪ್ಪಳದ ಹಾಗೆ ಎದ್ದು ಬಂತು. ಇನ್ನೊಂದು ಸಲ ಹಚ್ಚಿದರೆ ಗೋಡೆಗೆ ಎರಚಿದ ಸಗಣಿಯಂತೆ ಕಂಡಿತು. ಅಷ್ಟರಲ್ಲಿ ಫೋನು ಬಂತು. ಕಿಬ್ಬನಹಳ್ಳಿ ಕ್ರಾಸು ದಾಟಿದ್ದೇವೆ, ಅಪ್ಪಾಜಿಯೂ ಬರುತ್ತಿದ್ದಾರೆ ಎಂದರು ಸೌಂದರ್ಯ.

ಈರೇಶ ಹಚ್ಚಿದ್ದನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟ.

“ಏನ್ರೀ ಮಾಡ್ತಿದ್ದೀರ!” ಭಾಗ್ಯ ಕೈ ಹಿಡಿದಳು.

“ಬುಡು. ಅವ್ವ ತೊಳ್ದೈತೆ, ತೊಳ್ದ ಗಾಡೀನೇ ಆಗ್ಲಿ. ಒಂದು ಸೂಜಿ ಕೊಡು.”

ಕೂರಲಾಗದೆ ಜಗಲಿಯ ಮೇಲೆ ಬೋರಲಾಗಿ ಮಲಗಿದ. ನಾನು ಟಾರ್ಚು ಹಿಡಿದೆ. “ಅವ್ವಾ, ನಿನ್ನ ವಿಭೂತಿ ಈ ಗಾಡಿಗೆ ಕಂಬಳಿ ಹೊದಿಸ್ದಂಗೈತೆ ಕಣವ್ವಾ” ಎಂದು ಒಳಗಿದ್ದವಳಿಗೆ ಕೇಳುವಂತೆ ಹೇಳಿ, ಅದನ್ನು ಒರೆಸಿ, ಸೂಜಿಯ ತುದಿಯಲ್ಲಿ ಕೂದಲೆಳೆಯಷ್ಟು ಮೂರು ಗೆರೆ ಎಳೆದ. ತೊಳೆದ ಕೆಸರುನೀರು ಇಳಿದು ಒಣಗಿದ ಗೆರೆಗಳನ್ನು ಕಿಟಕಿಯ ಕೆಳಗೆ ಬಿಡಿಸಿದ. ಸಂದುಗಳಲ್ಲಿ ಉಳಿದ ಗೋಡನ್ನು ಮುಟ್ಟಲಿಲ್ಲ. ತೋಳು ಮಡಿಯುವ ಪಿನ್ನುಗಳಿಗೆ ಒಂದೊಂದು ಸಾಸಿವೆಯಷ್ಟು ಗ್ರೀಸು ಇಟ್ಟ. ಅವನ ಕಾಲು ಆಗಲೇ ಜೋಮು ಹಿಡಿದು ಅದುರುತ್ತಿತ್ತು.

ಮೊದಲು ಬಂದದ್ದು ತಿಮ್ಮರಾಜುವಿನ ಜೀಪು. ಜಗಲಿಯ ಕಡೆ ಬಗ್ಗಿ ನೋಡಿದ.

“ಏನ್ಲಾ ಈರೇಶ, ಕೂಸಿಗೆ ಎಣ್ಣೆನೀರು ಆಯ್ತಾ? ಲಾಲಿ ಹಾಡೋದೊಂದು ಬಾಕಿ! ಬಟ್ಟೆ ಕಟ್ಟಿಕ್ಕಂಡಿದ್ದೀಯಾ?”

“ಕೂತ್ಕ. ಒಂದು ಗಳಿಗೆ” ಅಂದ ಈರೇಶ.

ಹಿಂದೆಯೇ ಕಾರು ಬಂತು. ಸೌಂದರ್ಯ ಇಳಿದವರೇ ಮೊಬೈಲಿನ ಫೋಟೊ ತೆಗೆದು ಪಕ್ಕದಲ್ಲಿ ಹಿಡಿದರು. ಮುಖ ಗಂಟಾಯಿತು.

“ಇದೇನ್ರೀ ಹಿಂಗಿದೆ? ಇದಾ ನಾನು ಹೇಳಿದ್ದು?”

ಹಬ್ಬಕ್ಕೆಂದೇ ಹಾಗೆ ಮಾಡಿದೆ ಅನ್ನಲಿ ಎಂದು ಭಾಗ್ಯ ಕಣ್ಣಲ್ಲೇ ಹೇಳುತ್ತಿದ್ದಳು. ನಾನೂ ಮನಸ್ಸಿನಲ್ಲಿ ಅದನ್ನೇ ಬೇಡುತ್ತಿದ್ದೆ.

“ಫೋಟೊದಲ್ಲಿದ್ದಂಗೇ ಮಾಡಿದ್ದೆ ಮೇಡಂ. ಬೆಳಿಗ್ಗೆ ನಮ್ಮವ್ವ ಹಬ್ಬ ಅಂತ ತೊಳ್ದ್‌ಬುಟ್ಟರು. ಆಮೇಲಿಂದು ನಾನು ಮಾಡಿದ್ದು” ಅಂದ ಈರೇಶ.

“ಹಂಗಾದ್ರೆ ನಂಗೆ ಬೇಡ. ನಾಳೆ ಓಪನಿಂಗ್ ಇಟ್ಕೊಂಡು...”

ತಿಮ್ಮರಾಜು ಜೀಪಿನ ಕೀಯನ್ನು ಬೆರಳಲ್ಲಿ ತಿರುವುತ್ತಿದ್ದ. ಬಾಗಿಲ ಸಂದಿಯಿಂದ ಜುಂಜಮ್ಮ ಇಣುಕಿದಳು.

ಶಂಭುಲಿಂಗಯ್ಯನವರು ಜಗಲಿಯ ಅಂಚಿನಲ್ಲಿ ಕೂತರು. ಹಿಟಾಚಿಯನ್ನು ತಿರುಗಿಸಿ ನೋಡಿದರು. ಬಕೆಟ್ಟಿನ ಹಿಂಬದಿಗೆ ಉಗುರು ಹಾಕಿದರು. ಗೋಡು ಉದುರಿತು.

“ಇಲ್ಲಿ ಉಳ್ದೈತೆ” ಅಂದರು. “ನಮ್ಮ ಡ್ರೈವರ್ ರಂಗಪ್ಪಂಗೆ ಇದಕ್ಕೇ ಬೈತಿದ್ದೆ. ಹಿಂದಗಡೆ ತೊಳೀತಾನೇ ಇರ್ಲಿಲ್ಲ, ಬಡ್ಡೀಮಗ. ಗ್ರೀಸು ಯಾರಪ್ಪ ಹಚ್ಚಿದ್ದು?”

“ನಾನೇ ಸಾಮಿ. ತೊಳ್ದ ಮೇಲೆ ಹಚ್ಚದೆ ಬುಟ್ರೆ ಕಿರುಗುಟ್ಟುತದಲ್ಲ.”

“ಅಪ್ಪಾಜಿ, ಫೋಟೊದಲ್ಲಿ ಇರೋದು...”

“ಫೋಟೊ ತೆಗೆದೋನು ಯಾವನೋ ಕೆಲಸದ ದಿನ ಬಂದಿದ್ದ ಕಣಮ್ಮ. ಕೆಲಸದ ದಿನ ನಂಗೆ ಗಾಡಿ ಮುಖ ನೋಡಕ್ಕೆ ಪುರುಸೊತ್ತೆಲ್ಲಿತ್ತು? ವರ್ಷಕ್ಕೊಂದು ದಿನ, ಹಬ್ಬಕ್ಕೆ ನಿಲ್ಲಿಸ್ದಾಗ ನಿಂತು ನೋಡ್ತಿದ್ದೆ. ಹಿಂಗೇ ಇರ್ತಿತ್ತು. ಇದನ್ನ ಕಾರಲ್ಲಿ ಇಡು.”

ಸೌಂದರ್ಯ ಇನ್ನೂ ಒಪ್ಪಿರಲಿಲ್ಲ. ಆದರೂ ಫೋನು ಚೀಲಕ್ಕೆ ಹಾಕಿದರು. “ಮಿಕ್ಕ ಗಾಡಿ ಮಾಡಿ. ಆದರೆ ಕೊಳೆ ಕೊಳೆಯಾಗೇ ಇರ್ಬೇಕು. ನಿಮ್ಮಮ್ಮಂಗೆ ಮೊದಲೇ ಹೇಳಿಡಿ” ಅಂದರು.

“ಹೇಳ್ತೀನಿ ಮೇಡಂ.”

“ನಾನೇನು ಕಿವುಡೀನಾ?” ಒಳಗಿನಿಂದ ಜುಂಜಮ್ಮ ಅಂದಳು.

ಕಾರು ಹೋದ ಮೇಲೆ ತಿಮ್ಮರಾಜು ಎದ್ದು ಪಂಚೆ ಕೊಡವಿದ. “ಏನಂತೀಯ?”

ಈರೇಶ ಎದ್ದು ನಿಲ್ಲಲು ನೋಡಿದ, ಆಗಲಿಲ್ಲ. ಮಲಗಿದಲ್ಲಿಂದಲೇ ತಲೆ ಅಲ್ಲಾಡಿಸಿದ. “ಬರಲ್ಲ ಕಣಣ್ಣ. ಬೇರೆಯೋನ್ನ ನೋಡ್ಕ.”

“ಈ ಗೊಂಬೆ ಎಷ್ಟು ದಿನ ಅನ್ನ ಹಾಕ್ತದೋ ನಾನೂ ನೋಡ್ತೀನಿ.”

ನಾನು ಅವನಿಗೆ ಕಡ್ಲೆಪುರಿ, ಬಾಳೆಹಣ್ಣು ಕೊಟ್ಟೆ. ಹಬ್ಬದ ದಿನ ಬಂದವನನ್ನು ಬರಿಗೈಯಲ್ಲಿ ಕಳಿಸಬಾರದು. ಅದನ್ನು ಸೀಟಿನ ಮೇಲೆ ಇಟ್ಟುಕೊಂಡು ತಿಮ್ಮರಾಜು ಒಬ್ಬನೇ ಜೀಪು ಹತ್ತಿ ಹುಳಿಯಾರು ರಸ್ತೆ ಹಿಡಿದು ಹೋದ.