ಕಡೀ ಪಂಕ್ತಿ

"ಗಂಗವ್ವಾ, ಆ ಡಬ್ಬಿ ಮುಚ್ಚಿ ಹೊರಗ ಬಾ ನಮ್ಮವ್ವಾ! ಮೊದಲನೇ ಪಂಕ್ತಿ ಕುಂತೈತಿ," ಎಂದು ಅತ್ತೆ ಚನ್ನವ್ವ ಅಡುಗೆಮನೆಯಿಂದ ಕೂಗಿದಳು.

ಗಂಗಾ ಲ್ಯಾಪ್‌ಟಾಪಿನ ಮುಂದೆ ಕಲ್ಲಿನಂತೆ ಕುಳಿತಿದ್ದಳು. ಬೈಲಹೊಂಗಲದ ಈ ಕೋಣೆಯಿಂದಲೇ ಅವಳು ದೊಡ್ಡ ಕಂಪನಿಯೊಂದರ ಟೀಮು ನಡೆಸುತ್ತಿದ್ದಳು. ಹೋದ ವರ್ಷ ಸೊಸೆಗೆ ಬಡ್ತಿ ಸಿಕ್ಕಾಗ ಓಣಿಗೆಲ್ಲ ಪೇಢೆ ಹಂಚಿದ್ದ ಚನ್ನವ್ವ, ಇಂದು ಮೊಮ್ಮಗನ ಮೊದಲ ಕೂದಲು ತೆಗೆಸುವ ಜವಳಕ್ಕೆ ಅಂಗಳದ ತುಂಬ ಹಂದರ ಹಾಕಿಸಿದ್ದಳು. ಬೆಳಿಗ್ಗೆಯೇ ಮ್ಯಾನೇಜರ್ ಫೋನಿನಲ್ಲಿ ಹೇಳಿಬಿಟ್ಟಿದ್ದ: ಪ್ರತಿ ಟೀಮಿನಲ್ಲೂ ರೇಟಿಂಗಿನಲ್ಲಿ ಕೊನೆಗಿದ್ದವರನ್ನು ಸಂಜೆಯೊಳಗೆ ಕೆಲಸದಿಂದ ತೆಗೆಯುತ್ತಾರೆ. ಗಂಗಾಳ ಟೀಮಿನಲ್ಲಿ ಕೊನೆಗಿದ್ದವಳು ಉಮಾಶ್ರೀ.

ಆ ಉಮಾಶ್ರೀ ಹೊರಗೆ ಓಢಣಿಯನ್ನು ಸೊಂಟಕ್ಕೆ ಬಿಗಿದು ಹೋಳಿಗೆ ಬಡಿಸುತ್ತಿದ್ದಳು. ಪಕ್ಕದ ಸಂಪಗಾಂವದ ಹುಡುಗಿ, ಗಂಗಾಳೇ ಬೆನ್ನು ಹತ್ತಿ ಕಂಪನಿಗೆ ಸೇರಿಸಿದ್ದಳು. ತನ್ನನ್ನು ಸೋದರಮಾವನಿಗೆ ಮದುವೆ ಮಾಡಿಕೊಟ್ಟು ಕೈತೊಳೆದುಕೊಳ್ಳಲು ಹೊರಟಿದ್ದ ಅಪ್ಪನ ಬಾಯಿಯನ್ನು, "ನೌಕರಿ ಇರೂತನಕ ಆ ಮಾತ ಎತ್ತಬ್ಯಾಡ್ರಿ," ಎಂದು ಉಮಾಶ್ರೀ ಮುಚ್ಚಿಸಿದ್ದಳು. ಕೆಲಸದಲ್ಲಂತೂ ಟೀಮಿನಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಹಾಗಿದ್ದರೆ ಕೊನೆಗೆ ಯಾಕೆ ಬಂದಳು? ಅಯ್ಯೋ ಶಿವನೇ, ಗಂಗಾಳೇ ಹಾಕಿದ್ದಳಲ್ಲ! ಯಾರಾದರೊಬ್ಬರು ಕೊನೆಗಿರಲೇಬೇಕೆಂಬುದು ಕಂಪನಿಯ ಕಟ್ಟಳೆ. ಪುಣೆಯವರು, ಹೈದರಾಬಾದಿನವರು ಹೊರಗಿನ ಜನ, ಮನಸ್ಸಿಗೆ ಹಚ್ಚಿಕೊಂಡಾರು. "ನೀ ನಮ್ಮಾಕಿ. ಈ ಸಲ ಕಡೀಗಿರು, ಮುಂದಿನ ಸಲ ಮ್ಯಾಲ ಹಾಕತೇನಿ," ಎಂದು ಗಂಗಾ ಹೇಳಿದಾಗ ಉಮಾಶ್ರೀ ನಕ್ಕಿದ್ದಳು. "ಅದರಾಗೇನೈತಿ ಬಿಡ್ರಿ ಅಕ್ಕಾ. ಮನಿ ಮಂದಿ ಉಣ್ಣೂದು ಕಡೀ ಪಂಕ್ತಿಗೇ."

ಗಂಗಾ ಮ್ಯಾನೇಜರನಿಗೆ ಮತ್ತೆ ಫೋನು ಹಚ್ಚಿದಳು. ತಪ್ಪು ನನ್ನದು, ಬೇಕಾದರೆ ನನ್ನನ್ನೇ ತೆಗೆಯಿರಿ ಎಂದು ಅಂಗಲಾಚಿದಳು. ಎಲ್ಲ ಮೇಲಿನಿಂದಲೇ ತೀರ್ಮಾನವಾಗಿದೆ ಎಂದು ಅವನು ಫೋನಿಟ್ಟ.

ಉಮಾಶ್ರೀಯನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು. ಮ್ಯಾನೇಜರ್ ಹೇಳಿದ್ದನ್ನೆಲ್ಲ ಹೇಳಿದಳು. ಏನೂ ಮುಚ್ಚಿಡಲಿಲ್ಲ.

ಉಮಾಶ್ರೀ ಹೋಳಿಗೆಯ ಬುಟ್ಟಿಯನ್ನು ಎದೆಗವಚಿ ನಿಂತಳು. "ಕಡೀ ಪಂಕ್ತಿ ನಮ್ಮವರದು ಅಂತ ಕಂಪನ್ಯಾವರಿಗೆ ಗೊತ್ತಿರಲಿಲ್ಲೇನ್ರಿ ಅಕ್ಕಾ?"

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಮಾಡಿದ್ದರೆ ಗಂಗಾ ತಡೆದುಕೊಳ್ಳುತ್ತಿದ್ದಳು.

"ಅವರಿಗೆಲ್ಲಿಂದ ಗೊತ್ತಾಗಬೇಕವ್ವಾ. ನನಗ ತಿಳೀಬೇಕಾಗಿತ್ತು."

"ಅಪ್ಪಗ ಏನ ಹೇಳ್ಲಿ?"

ಹೊರಗೆ ಎರಡನೇ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಗಂಗಾ ಉಮಾಶ್ರೀಯ ಮುಂಗೈ ಹಿಡಿದು ದರದರ ಎಳೆದುಕೊಂಡು ಹೋಗಿ ಖಾಲಿ ಎಲೆಯೊಂದರ ಮುಂದೆ ನಿಲ್ಲಿಸಿದಳು.

"ಕುಂಡ್ರು ಇಲ್ಲೆ. ಮೊದಲ ನೀ ಉಣ್ಣು."

"ಏ ಹುಚ್ಚಿ, ಬೀಗರು ನಿಂತಾರ!" ಎಂದು ಚನ್ನವ್ವ ಗದರಿದಳು. "ಆಕಿ ನಮ್ಮಾಕಿ. ಆಮ್ಯಾಲ ನಮ್ಮ ಜೋಡಿ ಉಣ್ತಾಳ."

ಉಮಾಶ್ರೀ ಮೆಲ್ಲಗೆ ಕೈ ಬಿಡಿಸಿಕೊಂಡಳು. "ಹೌದ್ರಿ ಯವ್ವಾ," ಎಂದಳು. ತೋಳಿನಿಂದ ಕಣ್ಣೊರೆಸಿಕೊಂಡು, ಆ ಎಲೆಗೆ ಬಂದು ಕುಳಿತ ಮುದುಕರೊಬ್ಬರ ಮುಂದೆ ಬಾಗಿದಳು. "ಎರಡ ಹಾಕಲ್ರಿ ಕಾಕಾ?"

ಅವಳ ಹಿಂದೆಯೇ ತುಪ್ಪ ಬಡಿಸಬೇಕಾಗಿದ್ದ ಗಂಗಾ, ಯಾರೋ ಕೈಗಿತ್ತ ಗಿಂಡಿ ಹಿಡಿದು ಅಲ್ಲೇ ನಿಂತಿದ್ದಳು. ಮುದುಕರು ಹೋಳಿಗೆ ಮುರಿಯದೆ ಕಾಯುತ್ತಿದ್ದರು.