ಎದುರಾಳಿ ಏಳುವವರೆಗೆ

"ಎಂಟನೇತ್ತಾಕ್ಕ ಸಾಲಿ ಬಿಟ್ಟ ಮಗಗ ಈಗ ಜಪಾನದ ಉಸ್ತಾದ ಬೇಕಾಗ್ಯಾನ, ನೋಡ್ರೆಪಾ! ಲೇ ಮಸೂದ, ನಿನಗ ಈ ಮಣ್ಣು ಯಾಕಲೇ? ಮೊಬೈಲದಾಗೇ ಲಂಗೋಟಿ ಕಟ್ಟು ಹೋಗು."

ಶರಫುದ್ದೀನ ಉಸ್ತಾದರು ಇದನ್ನು ಹೇಳಿದ್ದು ಗರಡಿಯಲ್ಲಿ, ತಾಲೀಮಿನ ಇಪ್ಪತ್ತು ಮಂದಿಯ ಮುಂದೆ. ಎಲ್ಲರೂ ನಕ್ಕರು. ನನ್ನ ಜೊತೆಯ ಪೈಲ್ವಾನ ಅಲ್ತಾಫ ಒಂದು ಕ್ಷಣ ತಡೆದು ನಕ್ಕ, ಅದೂ ನನ್ನ ಮುಖ ನೋಡಿಕೊಂಡೇ. ನಾನು ಮಾಡಿದ ತಪ್ಪಾದರೂ ಏನು? ಕುಸ್ತಿಗೆ ನಿಲ್ಲುವಾಗ ಒಂದು ಕಾಲು ಹಿಂದಿಟ್ಟು, ಅಂಗೈ ಬಿಚ್ಚಿ, ಮೊಬೈಲಿನಲ್ಲಿ ನೋಡುವ ಜಪಾನಿ ಕಾರ್ಟೂನಿನ ಹುಡುಗನ ಹಾಗೆ ನಿಂತಿದ್ದೆ, ಅಷ್ಟೇ.

ಅಫಜಲಪುರದ ನಮ್ಮ ತಾಲೀಮಿನಲ್ಲಿ ಉಸ್ತಾದರ ನಂತರದ ಜಾಗ ಖಲೀಫನದು. ಹೊಸಬರಿಗೆ ಪಟ್ಟು ಕಲಿಸುವವನು, ಕೆಮ್ಮಣ್ಣಿಗೆ ಎಣ್ಣೆ ಮಜ್ಜಿಗೆ ಹಾಕಿಸಿ ಹದ ಮಾಡಿಸುವವನು ಅವನೇ. ಹಳೆಯ ಖಲೀಫ ಸೊಂಟ ಹಿಡಿದು ಮನೆ ಸೇರಿದ್ದ. ಜೇವರ್ಗಿಯ ಕುಸ್ತಿಯಲ್ಲಿ ನಾನು ಮತ್ತು ಅಲ್ತಾಫ, ಇಬ್ಬರಲ್ಲಿ ತನ್ನ ಎದುರಾಳಿಯನ್ನು ಗೆದ್ದವನ ತಲೆಗೆ ಖಲೀಫನ ರುಮಾಲು ಎಂದು ಉಸ್ತಾದರು ಹೇಳಿಬಿಟ್ಟಿದ್ದರು. ಇಬ್ಬರೂ ಗೆದ್ದರೆ ನನಗೇ, ವಯಸ್ಸಿನಲ್ಲಿ ನಾನು ದೊಡ್ಡವನು.

ನನಗೆ ಆ ರುಮಾಲು ಬೇಕೇ ಬೇಕಿತ್ತು. ನನ್ನಂತೆ ಮಾರ್ಕೆಟ್ಟಿನಲ್ಲಿ ದಿನವಿಡೀ ತೊಗರಿ ಚೀಲ ಹೊರುವವನನ್ನು ಜನ "ಏ ಹಮಾಲ" ಅನ್ನುತ್ತಾರೆ, ಹೆಸರು ಗೊತ್ತಿದ್ದವರೂ ಹಾಗೇ ಅನ್ನುತ್ತಾರೆ. ಮಾರ್ಕ್ಸ್ ಕಾರ್ಡು ಕೇಳದೆ ಮನುಷ್ಯನಿಗೆ ಮರ್ಯಾದೆ ಕೊಡುವ ಕೆಲಸ ನನಗೆ ಗೊತ್ತಿದ್ದಂತೆ ಅದೊಂದೇ.

ಇನ್ನು ಆ ಕಾರ್ಟೂನ್. ಮೂವತ್ತು ವರ್ಷ ಹಳೆಯದು, ಜಪಾನಿನದು, ಹಿಂದಿ ಮಾತು ಕೂಡಿಸಿದ್ದಾರೆ. ಉಪ್ಪಿನ ಮೂಟೆ ಹೊರುವ ಹುಡುಗ ಒಬ್ಬ, ಅಪ್ಪ ಅಮ್ಮ ಇಲ್ಲ, ಶಾಲೆಯಂತೂ ಇಲ್ಲವೇ ಇಲ್ಲ. ಹೊಡೆತ ತಿನ್ನುತ್ತಾನೆ, ಗುಡ್ಡಕ್ಕೆ ಹೋಗಿ ಅಭ್ಯಾಸ ಮಾಡುತ್ತಾನೆ, ಬಂದು ಮತ್ತೆ ಹೊಡೆತ ತಿನ್ನುತ್ತಾನೆ. ಮೂಟೆ ಹೊರುವವನೊಬ್ಬನನ್ನು ಅಷ್ಟು ಕಂತು ತೋರಿಸಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದಕ್ಕೇ ನೋಡುತ್ತೇನೆ.

ಹಾಗಂತ ನಾನು ಕುರುಡನಲ್ಲ. ಆ ಹುಡುಗ ಒಂದು ಗುದ್ದು ಗುದ್ದುವ ಮೊದಲು ಮೂರು ಕಂತು ಚೀರುತ್ತಾನೆ. ಚೀರುವಷ್ಟು ಹೊತ್ತೂ ವೈರಿ ಕೈಕಟ್ಟಿ ನಿಂತಿರುತ್ತಾನೆ, ನೀರಿನ ಟ್ಯಾಂಕರ್ ಕಾಯುವವನ ಹಾಗೆ. ಲೋಕದಲ್ಲೇ ಬಲಾಢ್ಯನೆಂದವನನ್ನು ಕೆಡವಿದ ಮರುದಿನ ಅವನಿಗಿಂತ ಬಲಾಢ್ಯನೊಬ್ಬ ಹುಟ್ಟುತ್ತಾನೆ. ಸತ್ತವರು ಸರ್ಕಾರಿ ಬಸ್ಸಿನಂತೆ ತಡವಾಗಿಯಾದರೂ ಬಂದೇ ಬರುತ್ತಾರೆ. ಮೊದಲ ಕಂತಿನಲ್ಲಿ ಹತ್ತು ಮಂದಿಯನ್ನು ಹೊಡೆದುರುಳಿಸಿದ ಹುಡುಗಿ ನೂರನೆಯದರಲ್ಲಿ ಬುತ್ತಿ ಹಿಡಿದು ಅಳುತ್ತಾಳೆ. ಇದೆಲ್ಲವನ್ನೂ ನಾನು ತಾಲೀಮಿನಲ್ಲಿ ಬಿಡಿಸಿ ಬಿಡಿಸಿ ಹೇಳಿದ್ದೆ. ವಿಶೇಷವಾಗಿ ಆ ಕೈಕಟ್ಟಿ ನಿಲ್ಲುವುದನ್ನು.

"ಅಂಥಾ ಶ್ಯಾಣ್ಯಾ ಜಗತ್ತಿನ್ಯಾಗ ಇರ್ತಾನೇನಲೇ? ನಾ ಆಗಿದ್ರ ಚೀರಾಕ ಬಾಯಿ ತೆರದಾಗೇ ಒಗೀತಿದ್ದೆ," ಅಂದಿದ್ದೆ.

ಜೇವರ್ಗಿಯ ಅಖಾಡದಲ್ಲಿ ಮಧ್ಯಾಹ್ನ ನನಗೆ ಎದುರು ಜೋಡಿಯಾಗಿ ಸಿಕ್ಕವನು ನೆಲೋಗಿಯ ಕಲ್ಯಾಣಪ್ಪ. ಕುತ್ತಿಗೆಯೇ ಇಲ್ಲದ ಮನುಷ್ಯ. ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡೆವು, ಕೈ ಕೂಡಿಸಿದೆವು. ಎರಡನೇ ನಿಮಿಷಕ್ಕೆ ಅವನನ್ನು ಬೋರಲು ಕೆಡವಿ ಬೆನ್ನೇರಿದ್ದೆ. ಇನ್ನು ಮಗುಚಬೇಕು, ಬೆನ್ನು ಮಣ್ಣಿಗೆ ಹತ್ತಿಸಬೇಕು, ಮುಗಿಯಿತು.

"ಕಣ್ಣಾಗ ಮಣ್ಣು ಬಿತ್ತೋ ಯಪ್ಪಾ," ಅಂದ ಕಲ್ಯಾಣಪ್ಪ.

ನಾನು ಬಿಟ್ಟುಬಿಟ್ಟೆ. ಎದ್ದು ಎರಡು ಹೆಜ್ಜೆ ಹಿಂದೆ ಸರಿದೆ. ಕೈ ಕಟ್ಟಿದೆ. ಏನೂ ಕಾಣದವನನ್ನು ಕೆಡವಿ ಖಲೀಫ ಆಗುವುದು ಬೇಡವೆನ್ನಿಸಿತ್ತು. ಎಂಥ ದೊಡ್ಡ ಮನಸ್ಸು! ಆ ಕ್ಷಣಕ್ಕೆ ನನ್ನ ಹಿಂದೆ ವಾದ್ಯ ಬಾರಿಸುವವರು ಮಾತ್ರ ಇರಲಿಲ್ಲ.

"ಏನ್ಲೇ, ಬಸ್ ಕಾಯಾಕತ್ತಿಯೇನು?" ಮಂದಿಯೊಳಗಿಂದ ಯಾರೋ ಕೂಗಿದರು. "ಕೂಡಾಕ ಕುರ್ಚಿ ಹಾಕ್ರೋ ಅವಗ!"

ಕಲ್ಯಾಣಪ್ಪ ಎದ್ದ. ಒಂದು ಕಣ್ಣು ಒರೆಸಿಕೊಂಡ. ಚೀರಲಿಲ್ಲ, ಭಾಷಣ ಮಾಡಲಿಲ್ಲ, ಸತ್ತ ತಾಯಿಯನ್ನು ನೆನೆಯಲಿಲ್ಲ. ಇನ್ನೊಂದು ಕಣ್ಣು ಮುಚ್ಚಿಕೊಂಡೇ ನನ್ನ ತೊಡೆಗೆ ಕೈ ಹಾಕಿದ. ನನಗೆ ಆಕಾಶ ಕಾಣಿಸಿತು. ಕಾರ್ಟೂನಿನವರು ಮೂರು ಕಂತು ಎಳೆಯುವ ಕೆಲಸವನ್ನು ಅವನು ಒಂದೇ ಕಣ್ಣಲ್ಲಿ, ಒಂದೇ ಉಸಿರಲ್ಲಿ ಮುಗಿಸಿದ್ದ.

ಅವನೇ ಕೈ ಕೊಟ್ಟು ಎಬ್ಬಿಸಿದ. "ಬೇಜಾರ ಆಗಬ್ಯಾಡ ತಮ್ಮಾ. ಆದ್ರ ನೀ ಯಾಕ ಬಿಟ್ಟಿ ಅನ್ನೋದು ತಿಳೀಲಿಲ್ಲ. ನಿನ್ನ ಕಣ್ಣಾಗೂ ಬಿದ್ದಿತ್ತೇನು?"

ಅಲ್ತಾಫ ತನ್ನ ಕುಸ್ತಿ ಗೆದ್ದ. ಅವನು ಕಾರ್ಟೂನ್ ನೋಡುವುದಿಲ್ಲ. ಅವನು ಏನನ್ನೂ ನೋಡುವುದಿಲ್ಲ. ಅಖಾಡದ ಅಂಚಿನಲ್ಲೇ ಉಸ್ತಾದರು ಅವನ ತಲೆಗೆ ಕೇಸರಿ ರುಮಾಲು ಸುತ್ತಿದರು. ನಾನೂ ಎಲ್ಲರಂತೆ ಚಪ್ಪಾಳೆ ತಟ್ಟಿದೆ. ತಟ್ಟದಿದ್ದರೆ ಹೊಟ್ಟೆಕಿಚ್ಚು ಅನ್ನುತ್ತಾರೆ, ತಟ್ಟಿದರೆ ಸದ್ದು ಜಾಸ್ತಿಯಾಯಿತು ಅನ್ನುತ್ತಾರೆ. ಅಂದರು ಕೂಡ.

ವಾಪಸು ಬರುವ ಬಸ್ಸಿನಲ್ಲಿ ಯಾರೂ ನನ್ನ ಪಕ್ಕ ಕೂಡಲಿಲ್ಲ. ಮುಂದಿನ ಸೀಟುಗಳಲ್ಲಿ ಹುಡುಗರು ಆಗಲೇ "ಖಲೀಫಾ, ಖಲೀಫಾ" ಎಂದು ಅಲ್ತಾಫನ ಬಾಟಲಿಗೆ ನೀರು ತುಂಬಿ ಕೊಡುತ್ತಿದ್ದರು. ಉಸ್ತಾದರು ಮಾತ್ರ ಎರಡು ಸಲ ಹೊರಳಿ ನನ್ನ ಕಡೆ ನೋಡಿದರು.

ಅಫಜಲಪುರದಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಹುಡುಗರೆಲ್ಲ ಅಲ್ತಾಫನನ್ನು ಕರೆದುಕೊಂಡು ಚಹಾದಂಗಡಿಗೆ ನುಗ್ಗಿದರು. ಉಸ್ತಾದರು ನನ್ನ ರಟ್ಟೆ ಹಿಡಿದು ಕಂಬದ ಮರೆಗೆ ಎಳೆದರು. ಬೈದರೆ ಬೈಯಲಿ ಎಂದು ಹಲ್ಲು ಕಚ್ಚಿ ನಿಂತೆ. ಮುಂದಿನ ವರ್ಷ ನೋಡೋಣು ಅಂತಾರೇನೋ ಎಂಬ ಸಣ್ಣ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಅವರು ಆಚೆ ಈಚೆ ನೋಡಿದರು. ದನಿ ತಗ್ಗಿಸಿದರು.

"ಅಲ್ಲಲೇ ಮಸೂದ, ನೀ ತಾಲೀಮಿನ್ಯಾಗ ಹಾಲಿಗಿ ಬದಾಮಿ ಬೀಜ ಅರಿಯೋ ಮುಂದ ಮೊಬೈಲ ಕಲ್ಲಿಗಿ ಆನಿಸಿ ಇಡ್ತಿದ್ದಿ ನೋಡು, ನಾ ಹಿಂದಿನಿಂದ ನೋಡೇನಿ. ದಿನಾ ನೋಡೇನಿ. ಆ ಉಪ್ಪಿನ ಹುಡುಗ ಮೊನ್ನೆ ಬಾವ್ಯಾಗ ಬಿದ್ದಿದ್ದ. ಮುಂದ ಏನಾತಲೇ? ಮ್ಯಾಲೆ ಬಂದನೇನು?"

ನಾನು ರಟ್ಟೆ ಬಿಡಿಸಿಕೊಂಡೆ. ಲಂಗೋಟಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಮಾರ್ಕೆಟ್ಟಿನ ಕಡೆ ನಡೆದೆ.

"ಲೇ, ಅಷ್ಟ ಹೇಳಿ ಹೋಗಲೇ!" ಹಿಂದಿನಿಂದ ಉಸ್ತಾದರು ಕೂಗುತ್ತಲೇ ಇದ್ದರು.