ಆಸ್ಪರಿ ದಾರಿಯಲ್ಲಿ ನಿಲ್ಲುವ ಕಾರು

ಚೇತನಾ ಓಡಿಸಿದರೆ ಮಾತ್ರ ಕಾರು ಕೈಕೊಡುತ್ತಿತ್ತು. ಗಂಡ ಬಸವಕಿರಣ ಕೂತರೆ ಅದೇ ಕಾರು ಮಂತ್ರಾಲಯ ಮುಟ್ಟಿ ಆದೋನಿಗೆ ವಾಪಸು ಬರುವವರೆಗೂ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಇವಳ ಕೈಯಲ್ಲಿ ಪತ್ತಿಕೊಂಡದ ದಾರಿಯ ಆಸ್ಪರಿ ದಾಟುವುದರೊಳಗೆ ಗಕ್ಕನೆ ನಿಲ್ಲುತ್ತಿತ್ತು. ನಿಂತ ಮೇಲೆ ಜಪ್ಪಯ್ಯ ಎಂದರೂ ಚಾಲೂ ಆಗುತ್ತಿರಲಿಲ್ಲ. ಆಮೇಲೆ ಯಾವಾಗಲೋ ಮನಸ್ಸು ಬಂದಾಗ, ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು.

"ಆಕಿಗೆ ಕ್ಲಚ್ ಬಿಡಾಕ ಬರಂಗಿಲ್ಲ, ಅಷ್ಟ," ಎಂದು ಬಸವಕಿರಣ ತೀರ್ಪು ಕೊಟ್ಟಿದ್ದ. ಹತ್ತಿ ಮೂಟೆಯ ತೂಕವನ್ನು ಕಣ್ಣಳತೆಯಲ್ಲೇ ಹೇಳುವ ವ್ಯಾಪಾರಿ. ಉಳಿದದ್ದನ್ನೂ ಹಾಗೇ ಹೇಳಬಲ್ಲೆ ಎಂದುಕೊಂಡಿದ್ದ.

ಮೆಕ್ಯಾನಿಕ್ ಎರ್ರಿಸ್ವಾಮಿ ಕಾರನ್ನು ಇರಿಸಿಕೊಂಡು ಪಂಪು, ಬ್ಯಾಟರಿ, ವೈರು ಎಲ್ಲ ಜಾಲಾಡಿದ. "ಏಮೀ ಲೇದು ಮೇಡಂ, ಏನೂ ಇಲ್ಲ. ನಾನ ಊರೆಲ್ಲ ತಿರುಗಿಸೀನಿ, ಒಂದ್ ಸಲನೂ ಬಂದ್ ಆಗಿಲ್ಲ. ಗಾಡಿ ಬಂಗಾರದಂಗ ಐತಿ," ಎಂದ. ಅಲ್ಲಿಗೆ ತಪ್ಪೆಲ್ಲ ಅವಳ ಕಾಲಿನದೇ ಎಂದು ಮನೆಯಲ್ಲಿ ಗಟ್ಟಿಯಾಯಿತು. ಭಾನುವಾರ ಎಮ್ಮಿಗನೂರಿನವರೊಬ್ಬರು ಕಾರು ಕೊಳ್ಳಲು ಬರುತ್ತಾರೆಂದು ಬಸವಕಿರಣ ಊಟ ಮಾಡುತ್ತಾ ಹೇಳಿದ.

ಕಾರು ಹೋದರೆ ಚೇತನಾಳ ಲ್ಯಾಬೂ ಹೋದಂತೆ. ಪತ್ತಿಕೊಂಡದಲ್ಲಿ ಅವಳು ರಕ್ತಪರೀಕ್ಷೆಯ ಲ್ಯಾಬು ನಡೆಸುತ್ತಿದ್ದಳು. ಸಕ್ಕರೆ ಕಾಯಿಲೆಯವರು ಬೆಳಗಾಗುತ್ತಲೇ ಬರಿಹೊಟ್ಟೆಯಲ್ಲಿ ಬಂದು ಕೂರುತ್ತಾರೆ. ಬಸ್ಸನ್ನು ನಂಬಿಕೊಂಡು ಹೋದರೆ ಅಷ್ಟರಲ್ಲಿ ಅವರೆಲ್ಲ ಇಡ್ಲಿ ತಿಂದು ಊರು ಸೇರಿರುತ್ತಾರೆ. ಅವಳಿಗೆ ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿತ್ತು.

ಶುಕ್ರವಾರ ಆಸ್ಪರಿಯ ಹತ್ತಿರ ಗುಂಡಿಯೊಂದನ್ನು ಇಳಿದು ಹತ್ತಿದ್ದೇ ತಡ, ಕಾರು ಮತ್ತೆ ನಿಂತಿತು. ಲ್ಯಾಬಿನಿಂದ ಮೇಲಿಂದ ಮೇಲೆ ಫೋನು. ಚೇತನಾ ಸ್ಟೇರಿಂಗಿಗೆ ಒಂದು ಗುದ್ದು ಕೊಟ್ಟು ಯೋಚಿಸುತ್ತಾ ಕೂತಳು. ರಸ್ತೆ ಅದೇ, ಪೆಟ್ರೋಲು ಅದೇ, ಸೀಟು ಅದೇ. ನಮ್ಮವರು ಓಡಿಸಿದಾಗ ಇಲ್ಲದ್ದು, ಎರ್ರಿಸ್ವಾಮಿ ಓಡಿಸಿದಾಗಲೂ ಇಲ್ಲದ್ದು, ನಾನು ಕೂತಾಗ ಇರುವುದು ಏನು? ಎಂಜಿನ್ನು ಸುಮ್ಮನಾಗಿತ್ತು, ಕೀಲಿಗೊಂಚಲು ಮಾತ್ರ ಇನ್ನೂ ತೂಗಾಡುತ್ತಿತ್ತು.

ಅತ್ತೆ ಗುರುಲಿಂಗಮ್ಮ ಹೋದ ವರ್ಷ ಪೂಜೆ ಮುಗಿಸಿ, ಎಲ್ಲರೆದುರು ಅವಳ ಕೈಗಿಟ್ಟ ಗೊಂಚಲು ಅದು. ಗೋದಾಮು, ತಿಜೋರಿ, ಕಪಾಟು, ಹಿತ್ತಲು, ಎಲ್ಲದರ ಕೀಲಿಯೂ ಅದರಲ್ಲೇ. "ಮನಿ ಕೀಲಿ ಸೊಸಿ ಮೈಮ್ಯಾಲ ಇರಬೇಕವ್ವ, ಗೂಟಕ್ಕ ಹಾಕಬಾರದು," ಎಂದಿದ್ದರು. ಅತ್ತೆಯೇನೋ ಸೀರೆಯ ಸೊಂಟಕ್ಕೆ ಸಿಕ್ಕಿಸುತ್ತಿದ್ದರು, ಚೂಡಿದಾರಕ್ಕೆ ಸಿಕ್ಕಿಸುವುದೆಲ್ಲಿ? ಚೇತನಾ ಕಾರಿನ ಕೀಲಿಯನ್ನೂ ಅದಕ್ಕೇ ಪೋಣಿಸಿಕೊಂಡಿದ್ದಳು. ಗಂಡನ ಹತ್ತಿರ ಬೇರೆ ಒಂಟಿ ಕೀಲಿ ಇತ್ತು. ಎರ್ರಿಸ್ವಾಮಿಗೂ ಕಾರಿನದಷ್ಟನ್ನೇ ಬಿಚ್ಚಿ ಕೊಟ್ಟಿದ್ದಳು. ತಿಜೋರಿಯ ಕೀಲಿಯನ್ನು ಯಾರಾದರೂ ಗ್ಯಾರೇಜಿನಲ್ಲಿ ಬಿಟ್ಟು ಬರುತ್ತಾರೆಯೇ!

ಗೊಂಚಲನ್ನು ಅಂಗೈಯಲ್ಲಿ ಎತ್ತಿ ಹಿಡಿದು ಕೀಲಿ ತಿರುವಿದಳು. ಎಂಜಿನ್ನು ಚಾಲೂ ಆಯಿತು. ಕೈ ಬಿಟ್ಟು, ಬೇಕೆಂದೇ ಜಗ್ಗಿದಳು. ನಿಂತಿತು. ಉಗುರು ಮುರಿದುಕೊಂಡು ಕಾರಿನ ಕೀಲಿಯನ್ನು ಬೇರೆ ಮಾಡಿ, ಅದೊಂದರಲ್ಲೇ ಪತ್ತಿಕೊಂಡ ಮುಟ್ಟಿದಳು. ದಾರಿಯ ಯಾವ ಗುಂಡಿಗೂ ಕಾರು ಅಂಜಲಿಲ್ಲ.

ಶನಿವಾರ ಸಂಜೆ ಕೀಲಿಯನ್ನು ಮತ್ತೆ ಪೋಣಿಸಿ, ಇಡೀ ಗೊಂಚಲನ್ನು ಗಂಡನ ಕೈಗೆ ಕೊಟ್ಟಳು. "ನಡೀರಿ, ಒಂದ್ ರೌಂಡ್ ಹೋಗಿಬರೋಣು," ಎಂದು ಪಕ್ಕದಲ್ಲಿ ಕೂತಳು. ಕಾರಣ ಹೇಳಲಿಲ್ಲ, ಹೇಳಿದರೆ ನಂಬುವ ಪೈಕಿಯಲ್ಲ ಆತ. ಆಸ್ಪರಿ ದಾರಿಯ ಗುಂಡಿಯಲ್ಲಿ ಚಕ್ರ ಇಳಿದೆದ್ದಿತು, ಎಂಜಿನ್ನು ಬಂದ್. ಬಸವಕಿರಣ ತಿರುವಿದ, ಮತ್ತೆ ತಿರುವಿದ, ಬೆವೆತ. ಹಿಂದೆ ಲಾರಿಯವನು ಬಿಡದೆ ಹಾರನ್ ಹೊಡೆಯುತ್ತಿದ್ದ.

"ಥೂ ಇದರ! ಗಾಡಿನ ಸರಿ ಇಲ್ಲ!"

"ನಾನು ಕುಂತಾಗ ನನ್ನ ಕಾಲು ಸರಿ ಇರಲಿಲ್ಲ. ನೀವು ಕುಂತ್ರ ಗಾಡಿನ ಸರಿ ಇಲ್ಲೇನ್ರಿ?"

ಚೇತನಾ ಕೀಲಿಯನ್ನು ಬಿಚ್ಚಿ ಒಂಟಿಯಾಗಿ ತೂರಿಸಿ ತಿರುವಿದಳು. ಕಾರು ಚಾಲೂ ಆಯಿತು. "ಕೀಲಿ ಹಾಕೋ ಸ್ವಿಚ್ ಒಳಗ ಸವದೈತಿ. ಇಷ್ಟು ಭಾರ ಜಗ್ಗಿದ್ರ ಕರೆಂಟ್ ತಪ್ಪತೈತಿ. ಸ್ವಿಚ್ ಬದಲಿ ಮಾಡಿದ್ರ ಮುಗೀತು."

ಬಸವಕಿರಣ ಇಳಿದು ಬಂದು ಜಾಗ ಬದಲಿಸಿಕೊಂಡ. ಗೊಂಚಲನ್ನು ತೊಡೆಯ ಮೇಲಿಟ್ಟುಕೊಂಡು ಎಮ್ಮಿಗನೂರಿಗೆ ಫೋನು ಹಚ್ಚಿ, ನಾಳೆ ಬರುವುದು ಬೇಡ ಎಂದ. ಯಾಕೆ ಎಂದು ಆ ಕಡೆಯವರು ಕೇಳಿರಬೇಕು.

"ಗಾಡಿ ನಂದಲ್ಲರಿ, ನಮ್ಮಾಕಿದು," ಎಂದ. "ಆಕಿನ್ನ ಕೇಳಲಾರದ ನಿಮಗ ಮಾತು ಕೊಟ್ಟಿದ್ದೆ."